ಹಸಿರು ಗೆರೆಯನ್ನು ನಂಬದ ಎಡೆಲ್ಮಿರಾ

ಕಾಸ್ತ್ರೊ ಪಟ್ಟಣದ ದಡದಲ್ಲಿ ಕಂಬಗಳ ಮೇಲೆ ನಿಂತ ಮನೆಗಳ ಕೆಳಗೆ ಉಬ್ಬರದ ನೀರು ಏರುತ್ತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೌದೆ ಒಲೆಯ ಮೇಲೆ ನೀರು ಕುದಿಯುತ್ತಿದೆ, ತಟ್ಟೆಯಲ್ಲಿ ಆಲೂಗಡ್ಡೆ ರೊಟ್ಟಿ ಆರಿಹೋಗುತ್ತಿದೆ. ಎಡೆಲ್ಮಿರಾ ಚಿಗ್ವಾಯ್ ಅವರ ಕಣ್ಣು ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಅತ್ತಿತ್ತ ಹೋಗುತ್ತಿಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಹಸಿರು ಗೆರೆ ಬೀಳುತ್ತಿದೆ. ಹಸಿರೆಂದರೆ ವೆಬ್‌ಸೈಟಿನ ಒಂದು ಟೆಸ್ಟ್ ಪಾಸು. ಬೇರೆ ಯಾರಾದರೂ ಆಗಿದ್ದರೆ ಮಾಟೆ ಕಷಾಯ ಹೀರುತ್ತ ಕಾಲು ಚಾಚಿ ಕೂರುತ್ತಿದ್ದರು. ಇವರು ಹುಬ್ಬು ಗಂಟಿಕ್ಕುತ್ತಾರೆ.

"ಇದೊಂದು ತುಂಬಾ ಬೇಗ ಮುಗೀತು" ಎಂದು ಗೆರೆಯೊಂದರ ಮೇಲೆ ಬೆರಳಿಡುತ್ತಾರೆ. "ನಿಜವಾಗಿ ಕೆಲ್ಸ ಮಾಡಿದ್ರೆ ಇಷ್ಟು ಬೇಗ ಮುಗಿಯಲ್ಲ. ಏನೋ ಕಳ್ಳಾಟ ಇದೆ."

ಎಂಟು ಗಂಟೆಗೆ ದ್ವೀಪಗಳ ದೋಣಿ ಸಂಘದ ಟಿಕೆಟ್ ವೆಬ್‌ಸೈಟ್ ಜನರಿಗೆ ತೆರೆಯಬೇಕು. ಇನ್ನು ಮೇಲೆ ಜೆಟ್ಟಿಯಲ್ಲಿ ಚೀಟಿ ಹರಿಯುವುದಿಲ್ಲ, ವೆಬ್‌ಸೈಟಿನಲ್ಲಿ ಹೆಸರಿದ್ದವರಿಗಷ್ಟೇ ಜಾಗ. ಮೆವುಲಿನ್ ದ್ವೀಪದ ಮುದುಕಿ ರೊಸಾಲ್ಬಾ ನಾವ್ತೊ ಅಂಥವರಿಗೆ ಇದು ಜೀವದ ಪ್ರಶ್ನೆ. ನಾಳೆ ಬೆಳಗಿನ ದೋಣಿ ಸಿಕ್ಕರೆ ಅವರಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಂಟು, ತಪ್ಪಿದರೆ ಇಲ್ಲ. ಟಿಕೆಟ್ ಪುಟ, ನಿವಾಸಿಗಳ ದಾಖಲೆ, ದೋಣಿಯ ಆಸನ, ಈ ಮೂರೂ ಒಂದಕ್ಕೊಂದು ಸರಿಯಾಗಿ ಮಾತಾಡುತ್ತಿವೆಯೇ ಎಂದು ಪರೀಕ್ಷಿಸುವುದು ಎಡೆಲ್ಮಿರಾ ಕೆಲಸ. ವೆಬ್‌ಸೈಟ್ ಮಾಡಿದವರ ಹೆಸರು ರೇಡಿಯೊದಲ್ಲಿ ಬರುತ್ತದೆ. ಇವರ ಹೆಸರು ಬರುವುದಿಲ್ಲ.

ಹದಿನಾರು ವರ್ಷ ಇವರು ಸಾಲ್ಮನ್ ಮೀನಿನ ಕಾರ್ಖಾನೆಯಲ್ಲಿದ್ದರು. ತಣ್ಣನೆಯ ಮೀನಿನ ತುಂಡಿನ ಮೇಲೆ ಬೆರಳಾಡಿಸಿ ಉಳಿದ ಮುಳ್ಳು ಹುಡುಕುವ ಕೆಲಸ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಗ್ರಂಥಾಲಯದ ಉಚಿತ ತರಗತಿಗೆ ಸೇರಿದರು. ಅಕ್ಕಪಕ್ಕ ಕೂತವರೆಲ್ಲ ಮಗಳ ವಯಸ್ಸಿನವರು. "ಬೆರಳು ಮರಗಟ್ಟಿ ಹೋಗಿತ್ತು, ಮೌಸ್ ಹಿಡಿದ್ರೆ ಜಾರ್ತಿತ್ತು. ಹುಡುಗೀರು ಕಿಸಕ್ಕನೆ ನಗೋರು. ಆದ್ರೆ ಕಣ್ಣಿಗೆ ಕಾಣದ ಮುಳ್ಳು ಹುಡುಕೋದು ನಂಗೇನು ಹೊಸದಾ?" ಎನ್ನುತ್ತಾರೆ. ಈಗ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಟೆಸ್ಟ್ ಅವರ ಕಣ್ಣ ಮುಂದೆ ಹಾದು ಹೋಗುತ್ತವೆ.

ಅಷ್ಟರಲ್ಲಿ ಪಕ್ಕದ ಬೀದಿಯ ಓವಿಡಿಯೊ ಒಳಗೆ ಬರುತ್ತಾನೆ. ವೆಬ್‌ಸೈಟ್ ಬರೆದವನು ಇವನೇ.

"ಎಲ್ಲಾ ಹಸಿರಾಯ್ತಲ್ಲಾ ಅಕ್ಕಾ, ಬಿಟ್ಬಿಡೋಣ."

"ಹಸಿರೇನೋ ಸರಿ. ಪುಟ ಬಂತಾ ಅಂತ ಮಾತ್ರ ಟೆಸ್ಟ್ ಕೇಳಿದೆ. ಬಂದಿದ್ದು ಯಾವ ಪುಟ, ನೀನೇ ನೋಡು."

ಬಂದಿರುವುದು ಟಿಕೆಟ್ ಅಲ್ಲ. 'ಕ್ಷಮಿಸಿ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ' ಎಂಬ ಸಭ್ಯ ಪುಟ. ಒಳಗೆ ಸರ್ವರ್ ಮುಗ್ಗರಿಸಿ ಬಿದ್ದಿದೆ, ಈ ಪುಟ ಅದನ್ನು ಮುಚ್ಚಿಹಾಕಿದೆ, ಪುಟ ಬಂತಲ್ಲ ಎಂದು ಟೆಸ್ಟ್ ಹಸಿರು ಗೆರೆ ಎಳೆದಿದೆ. ಎಡೆಲ್ಮಿರಾ ಆ ಮುಸುಕನ್ನು ಕಿತ್ತುಹಾಕಿ ಮತ್ತೆ ಓಡಿಸುತ್ತಾರೆ. ಪರದೆ ಕೆಂಪಾಗುತ್ತದೆ. ಅಸಲಿ ತಪ್ಪು ಹೊರಬೀಳುತ್ತದೆ: ದಾಖಲೆಯಲ್ಲಿ ಒಂದೇ ಮನೆಗೆ ಎರಡು ದ್ವೀಪದ ವಿಳಾಸ. ಆ ಮನೆ ರೊಸಾಲ್ಬಾ ಅವರದ್ದು.

"ಒಂದು ಮನೆ ಎರಡು ದ್ವೀಪದಲ್ಲಿ ಹೇಗಿರುತ್ತೆ? ಮನೆ ಏನು ಎದ್ದು ಹೋಗುತ್ತಾ?" ಎಂದು ಓವಿಡಿಯೊ ಗೊಣಗುತ್ತಾನೆ.

ಎಡೆಲ್ಮಿರಾ ಆಗಷ್ಟೇ ಕೈಗೆತ್ತಿಕೊಂಡ ಕಷಾಯದ ಸೋರೆಬುರುಡೆ ಕೆಳಗಿಡುತ್ತಾರೆ. "ಹೋದ ಬೇಸಿಗೇಲಿ ಅದನ್ನ ಕೆನಾಕ್ ದ್ವೀಪದಿಂದ ಎಳ್ಕೊಂಡು ಬಂದಾಗ ಮುಂದಿನ ಹಗ್ಗ ಹಿಡಿದಿದ್ದು ಯಾರಪ್ಪಾ? ಅಂಗಿ ಹರ್ಕೊಂಡು, ಆಮೇಲೆ ಊಟಕ್ಕೆ ಮೂರು ಸಲ ಬಡಿಸ್ಕೊಂಡೋನು?"

ಓವಿಡಿಯೊ ತಲೆ ಚಚ್ಚಿಕೊಳ್ಳುತ್ತಾನೆ. "ಅಯ್ಯೋ, ನಾನೇ."

ಇಲ್ಲಿ ಜನ ಊರು ಬದಲಿಸಿದರೆ ಮನೆಯೂ ಜೊತೆಗೆ ಹೊರಡುತ್ತದೆ. ನೆರೆಯವರೆಲ್ಲ ಸೇರಿ ಎತ್ತು ಕಟ್ಟಿ ದಡಕ್ಕೆ ಎಳೆದು, ಉಬ್ಬರದ ನೀರಿನಲ್ಲಿ ತೇಲಿಸಿ, ದೋಣಿಗೆ ಕಟ್ಟಿ ಒಯ್ಯುತ್ತಾರೆ. ತನ್ನ ಹೆಗಲಿನಿಂದಲೇ ಮನೆ ಎಳೆದವನು ಮನೆ ಕದಲುವುದಿಲ್ಲವೆಂದು ಪ್ರೋಗ್ರಾಂ ಬರೆದಿದ್ದಾನೆ. ಇಬ್ಬರಿಗೂ ನಗು ತಡೆಯಲಾಗುತ್ತಿಲ್ಲ, ಗಡಿಯಾರ ಮಾತ್ರ ಏಳೂವರೆ ತೋರಿಸುತ್ತಿದೆ.

"ಹಳೇ ವಿಳಾಸ ಅಳಿಸಿಬಿಡ್ತೀನಿ, ಮುಗೀತು."

"ಇವತ್ತಿಗೆ ಮುಗೀತು. ಇನ್ನೊಬ್ರ ಮನೆ ಹೊರಟಾಗ? ಕೊನೇ ವಿಳಾಸ ಯಾವುದು ಅಂತ ಕೇಳೋ ಹಾಗೆ ಬರಿ. ನಾನು ಟೆಸ್ಟ್ ಬದಲಾಯಿಸ್ತೀನಿ. ಪುಟ ಬಂದ್ರೆ ಸಾಲ್ದು, ಕೈಗೆ ಟಿಕೆಟ್ ಬರ್ಬೇಕು."

ಇಬ್ಬರ ಬೆರಳುಗಳೂ ಓಡುತ್ತವೆ. ಎಂಟಕ್ಕೆ ಐದು ನಿಮಿಷವಿರುವಾಗ ಟೆಸ್ಟ್ ಮತ್ತೆ ಹೊರಡುತ್ತದೆ. ಈ ಸಲ ಆತುರವಿಲ್ಲ. ದಾಖಲೆ ಕೇಳುತ್ತದೆ, ಆಸನ ಹುಡುಕುತ್ತದೆ, ಕಾಯಿಸುತ್ತದೆ. ಓವಿಡಿಯೊ ಉಗುರು ಕಚ್ಚುತ್ತಾನೆ. ಕೊನೆಗೂ ಹಸಿರು. ಎಡೆಲ್ಮಿರಾ ಮೇಜಿಗೆ ಗುದ್ದಿದ ರಭಸಕ್ಕೆ ರೊಟ್ಟಿಯ ತಟ್ಟೆ ಕುಣಿಯುತ್ತದೆ.

ಎಂಟು ದಾಟಿದ ಕೂಡಲೇ ರೊಸಾಲ್ಬಾ ಅವರ ಫೋನು. "ಒತ್ತಿದೆ, ಬಂತು ಕಣೆ. ನಾಳೆ ಬರ್ತೀನಿ. ಇಷ್ಟಕ್ಕೆ ನೀವೆಲ್ಲ ಇಷ್ಟು ದಿನದಿಂದ ಏನು ಮಾಡ್ತಿದ್ರಿ?"

"ಏನಿಲ್ಲ ಅಜ್ಜಿ, ಸುಮ್ನೆ ಕೂತಿದ್ವಿ" ಎಂದು ಎಡೆಲ್ಮಿರಾ ನಗುತ್ತಾರೆ. ಕಣ್ಣಂಚು ಒದ್ದೆಯಾಗಿದೆ.

ಏನಾದರೂ ಆಸೆಯಿದೆಯೇ ಎಂದರೆ ತಣ್ಣಗಾದ ರೊಟ್ಟಿ ಮುರಿಯುತ್ತಾರೆ. "ಮುಂದಿನ ಬೇಸಿಗೇಲಿ ಯಾರಾದ್ರೂ ಮನೆ ಎಳೆಯೋದಾದ್ರೆ ಒಂದು ದಿನ ಮುಂಚೆ ನಂಗೆ ಹೇಳ್ಲಿ, ಸಾಕು. ಮೊದ್ಲು ಟೆಸ್ಟ್ ಓಡಿಸಿ, ಆಮೇಲೆ ಹಗ್ಗ ಹಿಡಿಯೋಕೂ ಬರ್ತೀನಿ."