ತಲೆಕೊಟ್ಟು ತಡೆದ ಹಾಲನ್

ಇತ್ತಲಾರಿನ ಗುಡ್ಡದ ಮೇಲೆ ಇನ್ನೂ ಮಂಜು ಹರಿದಿಲ್ಲ. ಹಟ್ಟಿಯ ಕೆಳಗಿನ ಎಲೆ ಶೆಡ್ಡಿನಲ್ಲಿ ಹಾಲನ್ ಆಗಲೇ ಕೆಲಸಕ್ಕೆ ಇಳಿದಿದ್ದಾರೆ. ನಿನ್ನೆ ಸಂಜೆ ಲಾರಿಗೆ ಹಿಡಿಸದೆ ಉಳಿದ ಚಹಾ ಎಲೆಯ ರಾಶಿಗೆ ಮೊಳಕೈವರೆಗೆ ಕೈ ತೂರಿಸಿ, ಒಳಗೆ ಬಿಸಿಯೇರಿದೆಯೋ ಎಂದು ನೋಡುತ್ತಾರೆ. ಆಮೇಲೆ ಬಲೆಚೀಲಕ್ಕೆ ತುಂಬಿ, ಬೆನ್ನಿಗೇರಿಸಿಕೊಂಡು ಹೊರಡುತ್ತಾರೆ. ಐವತ್ತು ದಾಟಿದರೂ ಹೆಗಲು ಬಾಗಿಲಿನಷ್ಟು ಅಗಲ. ಅರ್ಧ ದಾರಿಯಲ್ಲಿ ನಿಂತುಬಿಡುತ್ತಾರೆ. ಚೀಲ ಎಲ್ಲಿಗೆ ಒಯ್ಯಬೇಕು ಎಂಬುದೇ ಮರೆತುಹೋಗಿದೆ.

"ಲಾರಿಗೆ, ಅಪ್ಪ," ಎನ್ನುತ್ತಾಳೆ ತೂಕದ ಯಂತ್ರದ ಪಕ್ಕ ನಿಂತಿರುವ ಮಗಳು ಮಾನಸಾ.

"ಗೊತ್ತು ಗೊತ್ತು. ಉಸಿರು ತಗೊಂಡೆ ಅಷ್ಟೆ," ಎಂದು ಹಾಲನ್ ಮತ್ತೆ ಹೆಜ್ಜೆ ಹಾಕುತ್ತಾರೆ.

ಈ ಹಾಲನ್ ಒಂದು ಕಾಲದಲ್ಲಿ ಚೆನ್ನೈ, ಗೋವಾ, ಕೋಲ್ಕತ್ತಾಗಳ ಕ್ಲಬ್ಬುಗಳಿಗೆ ಸಂಬಳಕ್ಕೆ ಆಡಿದ ಫುಟ್‌ಬಾಲ್ ಡಿಫೆಂಡರ್ ಎಂದರೆ ಶೆಡ್ಡಿಗೆ ಎಲೆ ತರುವ ಹುಡುಗಿಯರು ನಂಬುವುದಿಲ್ಲ. ಅವರ ಫೋಟೋ ಪತ್ರಿಕೆಯಲ್ಲಿ ಬಂದದ್ದೇ ಕಡಿಮೆ. ಬಂದರೂ ಗೋಲು ಹೊಡೆದವನ ಹಿಂದೆ ಒಂದು ಭುಜವಾಗಿ ಬಂದಿದ್ದರು. "ಎನ್ನ ಕೆಲಸ ಗೋಲು ಹೊಡೆಯೋದಲ್ಲ, ಹೊಡೆಯೋಕೆ ಬಿಡದೆ ಇರೋದು. ಅದಕ್ಕೆ ಯಾರು ಚಪ್ಪಾಳೆ ತಟ್ಟುತಾರೆ?" ಎಂದು ನಗುತ್ತಾರೆ. ಹಳೆಯದೆಲ್ಲ ಅವರಿಗೆ ಸ್ಫುಟವಾಗಿ ನೆನಪಿದೆ. ಮಳೆಗೆ ನೆನೆದ ಚೆಂಡು ಕಲ್ಲಿನಂತೆ ಬರುತ್ತಿದ್ದದ್ದು, ಎತ್ತರಕ್ಕೆ ಬಂದ ಪ್ರತಿ ಚೆಂಡಿಗೂ ಹಾರಿ ತಲೆಕೊಡುತ್ತಿದ್ದದ್ದು, ಕಣ್ಣು ಕತ್ತಲಿಟ್ಟರೆ ತಲೆಗೆ ನೀರು ಸುರಿದುಕೊಂಡು ಮತ್ತೆ ನಿಂತದ್ದು. ಮರೆಯುವುದು ಇಂದಿನದು, ನಿನ್ನೆಯದು.

ಮಂಡಿ ಸವೆದು ಊರಿಗೆ ಮರಳಿದ ಮೇಲೆ, ಶೆಡ್ ನಡೆಸುವ ರಾಜೇಂದ್ರನ್ ಹಾಲನ್‌ರಿಗೆ ಎಲೆ ತೂಗುವ ಕೆಲಸ ಕೊಟ್ಟರು. ವರ್ಷಗಟ್ಟಲೆ ಒಂದು ತಕರಾರಿಲ್ಲ. ಬಿಡುವಿನಲ್ಲಿ ಮಗಳನ್ನು ಆಟಕ್ಕೆ ತಯಾರು ಮಾಡಿದರು. ಮನೆಯ ಹಿಂದಿನ ಸಿಲ್ವರ್ ಓಕ್ ಮರಕ್ಕೆ ಹಗ್ಗದಲ್ಲಿ ಚೆಂಡು ಕಟ್ಟಿ, ಹಾರಿ ಹಣೆಯಿಂದ ಹೊಡೆಯುವುದನ್ನು ಕಲಿಸಿದರು. ಮಾನಸಾ ಅಪ್ಪನಂತೆಯೇ ಡಿಫೆಂಡರ್ ಆದಳು. ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು. ಎರಡು ವರ್ಷದ ಹಿಂದೆ ಚೆನ್ನೈನ ಮಹಿಳಾ ಕ್ಲಬ್ಬೊಂದು ಅವಳನ್ನು ಕರೆಯಿತು.

ಅದೇ ದಿನಗಳಲ್ಲಿ ಶೆಡ್ಡಿನಲ್ಲಿ ಒಬ್ಬರ ಎಲೆಯ ತೂಕ ಇನ್ನೊಬ್ಬರ ಹೆಸರಿಗೆ ಬೀಳತೊಡಗಿತು. ಜಗಳವಾಯಿತು. ರಾಜೇಂದ್ರನ್ ಹಾಲನ್‌ರನ್ನು ತೂಕದಿಂದ ಬಿಡಿಸಿ ಚೀಲ ಹೊರುವುದಕ್ಕೆ ಹಾಕಿದರು. "ಮನುಷ್ಯನನ್ನ ಬಿಟ್ಟುಬಿಡೋಕೆ ಮನಸ್ಸು ಬರಲಿಲ್ಲ," ಎನ್ನುತ್ತಾರೆ. ಇನ್ನೊಂದು ದಿನ ಹಾಲನ್ ಹತ್ತಿರದ ಮಂಜೂರಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ನಿಂತೇ ಇದ್ದರು. ಮನೆಗೆ ಹೋಗುವ ಬಸ್ಸು ಯಾವುದೆಂದು ತಿಳಿಯಲಿಲ್ಲ.

ಹೆಂಡತಿ ಕಮಲಂ ಹಾಲನ್‌ರನ್ನು ಕೊಯಮತ್ತೂರಿಗೆ ಕರೆದೊಯ್ದರು. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, ಎಷ್ಟು ಸಲ ತಲೆಯಿಂದ ಚೆಂಡು ಹೊಡೆದಿರಬಹುದು ಎಂದು ಕೇಳಿದರು. "ಎಷ್ಟು ತುತ್ತು ಉಂಡಿದೀಯ ಅಂತ ಕೇಳಿದ ಹಾಗಾಯ್ತು," ಎಂದರು ಹಾಲನ್. ಡಾಕ್ಟರು ನಗಲಿಲ್ಲ. ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಇದ್ದೀತು. ಹೋದದ್ದು ಮರಳುವುದಿಲ್ಲ ಎಂದರು.

ಮನೆಯಲ್ಲಿ ಕಮಲಂ ಒಂದೇ ಮಾತು ಹಿಡಿದರು, ಮಗಳು ಆಡಕೂಡದು. ಮಾನಸಾ ಸೋಲಲಿಲ್ಲ. ಎಷ್ಟೋ ಜನ ಆಡುತ್ತಾರೆ, ಎಲ್ಲರಿಗೂ ಹೀಗಾಗುತ್ತದೆಯೇ ಎಂದು ವಾದಿಸಿದಳು. ಬ್ಯಾಗು ಕಟ್ಟಿಟ್ಟಳು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಹಾಲನ್ ಅವಳನ್ನು ಮನೆಯ ಹಿಂದಕ್ಕೆ ಕರೆದು, ಮರಕ್ಕೆ ಕಟ್ಟಿದ್ದ ಚೆಂಡಿನ ಹಗ್ಗ ಬಿಚ್ಚಿದರು.

"ನೀ ಹೋಗಬೇಡ."

"ನೀನೇ ಕಲಿಸಿದ್ದು, ಅಪ್ಪ. ತಲೆಕೊಡದೆ ಆಡುತೇನೆ, ಬಿಡು."

"ತಲೆಕೊಡದ ಡಿಫೆಂಡರ್ ಎಲ್ಲಿದಾನೆ? ಚೆಂಡು ಬಂದರೆ ನೀ ಹಾರುತೀಯ. ಎನ್ನ ಮಗಳಲ್ಲವಾ." ಬಿಚ್ಚಿದ ಹಗ್ಗ ಸುತ್ತುತ್ತ ಹೇಳಿದರು. "ಮಂಜೂರಿನಲ್ಲಿ ಯಾರೋ ಮನೇಲಿ ಯಾರಿದಾರೆ ಅಂತ ಕೇಳಿದರು. ಮಗಳು ಇದಾಳೆ ಅಂತ ಗೊತ್ತು. ಹೆಸರು ಬರಲಿಲ್ಲ. ಸಾಯಂಕಾಲದವರೆಗೂ ಬರಲಿಲ್ಲ, ಮಾನಸಾ."

ಅವಳು ಚೆನ್ನೈಗೆ ಹೋಗಲಿಲ್ಲ. ಅಪ್ಪ ಬಿಟ್ಟ ತೂಕದ ಯಂತ್ರದ ಮುಂದೆ ಬಂದು ನಿಂತಳು.

ಕೆಲವು ತಿಂಗಳಲ್ಲೇ ಹಾಲನ್ ತಾವೇ ತಡೆದದ್ದನ್ನೂ ಮರೆತರು. ಪ್ರ್ಯಾಕ್ಟೀಸಿಗೆ ಯಾಕೆ ಹೋಗುತ್ತಿಲ್ಲ ಎಂದು ಮಗಳನ್ನು ಗದರಿದರು. ಅವಳು ಆಟ ಬಿಟ್ಟೆ ಎಂದಾಗ ಸಿಟ್ಟಿನಿಂದ ಎದ್ದು, "ಯಾರು ಬಿಡು ಅಂದವರು? ಕರಿ ಅವನನ್ನ!" ಎಂದರು. ಅವಳು ತಡೆಯಲಾರದೆ "ನೀನೇ," ಎಂದುಬಿಟ್ಟಳು. ಹಾಲನ್ ಅಂದು ಉಣ್ಣಲಿಲ್ಲ. ಜಗಲಿಯಲ್ಲಿ ಕೂತು ತಮ್ಮ ಎರಡೂ ಕೈ ನೋಡಿಕೊಳ್ಳುತ್ತಿದ್ದರು. ಮಾರನೆಯ ದಿನ ಮತ್ತೆ ಕೇಳಿದರು. ಅಂದಿನಿಂದ ಮಾನಸಾ ನಿಜ ಹೇಳುವುದನ್ನು ಬಿಟ್ಟಿದ್ದಾಳೆ.

ಈ ಮಾತನ್ನು ಅವಳು ಶೆಡ್ಡಿನ ಹಿಂದೆ ನಿಂತು, ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದರೆ ಹೂಂ ಎಂದು ತಲೆಯಾಡಿಸುತ್ತಾಳೆ. "ಕನ್ನಡದಲ್ಲಿ ತಾನೇ? ಇಲ್ಲಿಯ ಶಾಲೇಲಿ ಕಲಿಸೋದು ತಮಿಳು. ಅಪ್ಪನಿಗೆ ಓದೋಕೆ ಅದು ಮಾತ್ರ ಬರೋದು."

ಲಾರಿ ತುಂಬಿದೆ. ಹಾಲನ್ ಕಪ್ಪು ಚಹಾ ಹಿಡಿದು ಕಲ್ಲಿನ ಮೇಲೆ ಕೂರುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಮಗಳತ್ತ ಗದ್ದ ಎತ್ತಿ ತೋರಿಸುತ್ತಾರೆ.

"ಇವಳು ಚೆನ್ನೈ ಟೀಮಿನ ಡಿಫೆಂಡರ್, ಗೊತ್ತಾ? ಒಂದು ಮ್ಯಾಚ್ ಗ್ಯಾಲರಿಯಲ್ಲಿ ಕೂತು ನೋಡಬೇಕು, ಅಷ್ಟೇ. ಮ್ಯಾಚ್ ಯಾವಾಗ, ಮಗಳೇ?"

ಮಾನಸಾ ಯಂತ್ರದ ತಟ್ಟೆಯ ಮೇಲಿನ ಎಲೆ ಕೊಡವುತ್ತಾಳೆ.

"ಭಾನುವಾರ, ಅಪ್ಪ."