ನೀರಿನ ಸೀಸೆಯಲ್ಲಿ ಬಂದ ವಾಸನೆ

ದೆವ್ವ, ಗಾಳಿ, ಸತ್ತವರ ಆತ್ಮ ಇವನ್ನೆಲ್ಲ ನಾನು ನಂಬಿದವನಲ್ಲ. ಅದಕ್ಕೆ ಓದು ಕಾರಣವಲ್ಲ, ಸಿಟ್ಟು ಕಾರಣ. ನಮ್ಮ ಅಪ್ಪನ ಕೈಕಾಲು ತಾವಾಗಿಯೇ ಕುಣಿಯತೊಡಗಿದಾಗ ಊರಿನವರು ಮೊದಲು ಕುಡಿತ ಎಂದರು, ಆಮೇಲೆ ಪ್ರೇತ ಹಿಡಿದಿದೆ ಎಂದರು. ಬಿಡಿಸಲು ಬಂದವನು ಅಪ್ಪನನ್ನು ಕಂಬಕ್ಕೆ ಕಟ್ಟಿ ಬೆತ್ತದಿಂದ ಹೊಡೆಯುವುದನ್ನು ನಾನು ಅಮ್ಮನ ಪಕ್ಕ ನಿಂತು ನೋಡಿದ್ದೇನೆ. ಹೊಡೆದವನಿಗೆ ಆ ದಿನ ನಮ್ಮ ಮನೆಯಲ್ಲೇ ಊಟ. ಅಂದಿನಿಂದ ಇಂಥ ಕಥೆ ಹೇಳುವವರನ್ನು ಕಂಡರೆ ನನಗಾಗದು. ಈಗ ನಾನೇ ಒಂದು ಹೇಳಬೇಕಾಗಿದೆ.

ಅಪ್ಪ ಮೂಡಿಗೆರೆಯಲ್ಲಿ ಜೀಪ್ ಓಡಿಸುತ್ತಿದ್ದರು. ಎಸ್ಟೇಟಿನ ಆಳುಗಳು, ಸಂತೆಗೆ ಬಂದವರು, ಬಸುರಿಯರು, ಎಲ್ಲರೂ ಅವರ ಜೀಪಿನಲ್ಲೇ. ತಿರುವುಗಳಲ್ಲಿ ವಾಂತಿ ಬರುವವರು ಮೂಸಲಿ ಎಂದು ಸ್ಟಿಯರಿಂಗ್ ಮುಂದೆ ಕಿತ್ತಳೆ ಸಿಪ್ಪೆ ಹರಡಿಡುತ್ತಿದ್ದರು. ಒಣಗಿದ ಸಿಪ್ಪೆ, ಡೀಸೆಲ್, ಬಿಸಿಯಾದ ರೆಕ್ಸಿನ್ ಸೀಟು, ಮೂರೂ ಬೆರೆತ ಒಂದು ವಾಸನೆ ಅಲ್ಲಿತ್ತು. ಮುಂದಿನ ಸೀಟಿನಲ್ಲಿ ಕೂರುವ ಹಕ್ಕು ದೊಡ್ಡ ಮಗಳು ಗಿರಿಜಕ್ಕನದು. ಅವಳೆಂದರೆ ಅಪ್ಪನಿಗೆ ಜೀವ. ನಾನು ಹಿಂದೆ. ತಮ್ಮ ಸುರೇಶ ಹುಟ್ಟುವ ಹೊತ್ತಿಗೆ ಅಪ್ಪನ ಕಾಲು ಬ್ರೇಕಿನ ಮೇಲೆ ನಿಲ್ಲದಾಗಿ, ಜೀಪನ್ನು ಮಾರಿಯಾಗಿತ್ತು. ಅವನು ಆ ಜೀಪನ್ನು ಕಣ್ಣಿನಿಂದಲೂ ಕಂಡಿಲ್ಲ.

ಅಪ್ಪ ಹೋಗಿ ಎಷ್ಟೋ ವರ್ಷಗಳ ಮೇಲೆ ಸೋದರತ್ತೆಯ ಮಗನಿಗೂ ಅದೇ ಕುಣಿತ ಶುರುವಾಗಿ, ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಹಂಟಿಂಗ್ಟನ್ ಕಾಯಿಲೆ ಎಂಬ ಹೆಸರು ಸಿಕ್ಕಿತು. ಅವನ ಮೂಲಕ ಸಂಶೋಧನೆಯವರು ನಮ್ಮನ್ನು ಹುಡುಕಿಕೊಂಡು ಬಂದರು. ಮುಖ್ಯಸ್ಥೆ ಒಬ್ಬ ಡಾಕ್ಟರಮ್ಮ, ನನಗಿಂತ ಚಿಕ್ಕವರು, ಮೃದು ಮಾತಿನವರು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ವಿವರಿಸಿದರು.

"ನಾವು ಮೂರು ಜನ ಇದೀವಲ್ಲ ಡಾಕ್ಟ್ರೇ, ಅರ್ಧ ಹೆಂಗೆ ಹಂಚ್ಕೊಳ್ಳೋದು?" ಎಂದು ಸುರೇಶ ಕೇಳಿ ನಕ್ಕ. ಬೇರೆ ಯಾರೂ ನಗಲಿಲ್ಲ.

ಅಕ್ಕನನ್ನು ಕಳಸಕ್ಕೆ ಕೊಟ್ಟಿದ್ದರಿಂದ ಅಲ್ಲಿಯ ಸಮುದಾಯ ಭವನದಲ್ಲೇ ಪರೀಕ್ಷೆಗಳು ನಡೆದವು. ಬೇಸಿಗೆಯ ಮಧ್ಯಾಹ್ನ. ರಕ್ತ ತೆಗೆದರು, ನಾಲಿಗೆ ಚಾಚಿ ಹಿಡಿಯಲು ಹೇಳಿದರು, ಗೆರೆಯ ಮೇಲೆ ನಡೆಸಿದರು. ಇದು ಸಂಶೋಧನೆಗೆ ಮಾತ್ರ, ರಕ್ತದ ಫಲಿತಾಂಶ ನಿಮಗೆ ಹೇಳುವುದಿಲ್ಲ, ತಿಳಿಯಲೇಬೇಕೆಂದರೆ ಆಸ್ಪತ್ರೆಗೆ ಬಂದು ಬೇರೆಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ನಮ್ಮ ರಕ್ತ, ನಮಗೇ ಗುಟ್ಟು. ಆದರೂ ಒಪ್ಪಿದೆವು. ಅಪ್ಪನ ಹೆಸರಿಗೆ ಅಂಟಿದ ಕುಡುಕ ಎಂಬ ಮಾತು ಹೋಗಲಿ ಎಂಬುದೊಂದೇ ಆಸೆ.

ಕೊನೆಯದು ವಾಸನೆಯ ಪರೀಕ್ಷೆ. ಈ ಕಾಯಿಲೆಯಲ್ಲಿ ಮೂಗಿನ ಶಕ್ತಿ ಮೊದಲೇ ಕುಂದಬಹುದಂತೆ. ಒಬ್ಬೊಬ್ಬರನ್ನೇ ಒಳಗಿನ ಕೋಣೆಗೆ ಕರೆದರು. ಸುರೇಶ ಮೊದಲು ಹೋದ, ಆಮೇಲೆ ಅಕ್ಕ. ಮುಗಿಸಿದವರನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸುತ್ತಿದ್ದರು, ನಮ್ಮಲ್ಲಿ ಮಾತುಕತೆ ಆಗದಿರಲಿ ಎಂದು. ನಾನು ಹೋಗಿ ಕೂತು ಕಣ್ಣು ಮುಚ್ಚಿದೆ. ಡಾಕ್ಟರಮ್ಮ ಸಣ್ಣ ಸೀಸೆಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದರು. ಲವಂಗ ಎಂದೆ, ಸೋಪು ಎಂದೆ, ನಿಂಬೆ ಎಂದೆ.

ಆಮೇಲೆ ಮುಂದಿನ ಸೀಸೆ ಬಂತು. ಡೀಸೆಲ್, ಕಾದ ರೆಕ್ಸಿನ್, ಅದರ ಮೇಲೆ ಒಣ ಕಿತ್ತಳೆ ಸಿಪ್ಪೆ. ಜೀಪಿನ ಬಾಗಿಲು ತೆರೆದು ಮುಖಕ್ಕೇ ಹೊಡೆದಂತೆ. ಅದು ಬರೀ ನೆನಪಲ್ಲ, ನೆನಪಿಗೆ ಕಣ್ಣಲ್ಲಿ ನೀರು ಬರಬಹುದು, ಗಂಟಲಲ್ಲಿ ಡೀಸೆಲಿನ ಕಮಟು ಉಳಿಯುವುದಿಲ್ಲ. ನಾನು ಅದನ್ನೇ ಬಾಯಿಬಿಟ್ಟು ಹೇಳಿದೆ.

ಕಣ್ಣು ಬಿಟ್ಟರೆ ಡಾಕ್ಟರಮ್ಮನ ಮುಖ ಗಂಟಿಕ್ಕಿತ್ತು.

"ನೀವೂ ನಿಮ್ ತಮ್ಮನೂ ಮಾತಾಡ್ಕೊಂಡಿದ್ರಾ ಸರ್?"

"ಯಾಕ್ ಮೇಡಂ?"

"ಅವ್ರೂ ಇದನ್ನೇ ಹೇಳಿದ್ರು. ಡೀಸೆಲ್ಲು, ಕಿತ್ತಳೆ ಸಿಪ್ಪೆ ಅಂತ. ಇದ್ರಲ್ಲಿ ಏನೂ ಇಲ್ಲ. ಬರೀ ನೀರು. ಸುಮ್ನೆ ಊಹೆ ಮಾಡ್ತಾರಾ ಅಂತ ನೋಡೋಕೆ ಇಡೋದು."

ಅವರೇ ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಮತ್ತೆ ಮೂಸಿದೆ. ನೀರು. ಡಾಕ್ಟರಮ್ಮ ನನ್ನನ್ನು ನಂಬಲಿಲ್ಲ. ಅಣ್ಣತಮ್ಮಂದಿರು ಸೇರಿ ತಮಾಷೆ ಮಾಡಿದೆವು ಎಂದುಕೊಂಡರೆಂದು ಕಾಣುತ್ತದೆ. ಸಾಮಾನು ಕಟ್ಟುವಾಗ ಮುಖ ಕೊಟ್ಟು ಮಾತಾಡಲಿಲ್ಲ.

ಹೊರಗೆ ಸುರೇಶ ಮರದಡಿ ಕೂತಿದ್ದ. ಕೇಳಿದೆ. "ಅದು ಎಂಥ ವಾಸ್ನೆ ಅಂತ ನಂಗೇನು ಗೊತ್ತು? ಮೂಗಿಗೆ ಬಂದಿದ್ದು ಹೇಳ್ದೆ" ಎಂದ. ಅಪ್ಪನ ಜೀಪಿನದು ಎಂದಾಗ ಅವನು ಎದ್ದು ನಿಂತ. ಕಿತ್ತಳೆ ಸಿಪ್ಪೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲವೇ? ಆಣೆ ಮಾಡಿ ಹೇಳಲಾರೆ. ಆದರೆ ನಮ್ಮ ಮನೆಯಲ್ಲಿ ಜೀಪಿನ ಹೆಸರೆತ್ತಿದರೆ ಅಮ್ಮ ಎದ್ದು ಹೋಗುತ್ತಿದ್ದರು.

ಅಕ್ಕನನ್ನೂ ಕೇಳಿದೆವು. "ನಂಗೆ ನೀರು ಅಂತ್ಲೇ ಗೊತ್ತಾಯ್ತು. ಏನೂ ಬರ್ಲಿಲ್ಲ" ಎಂದಳು.

ಸಂಶೋಧನೆಯವರು ಮತ್ತೆ ಬರಲಿಲ್ಲ. ಡಾಕ್ಟರಮ್ಮ ಬೇರೆ ಕಡೆ ಹೋದರಂತೆ. ಫೋನ್ ಮಾಡಿದರೆ ಎತ್ತುವವರಿಲ್ಲ. ಮರುವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಸುರೇಶನ ಬೆರಳುಗಳು ತಟ್ಟೆಯ ಅಂಚಿನಲ್ಲಿ ಕುಣಿಯತೊಡಗಿದವು. ಅಕ್ಕ ಹೆದರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಅವಳಿಗೆ ಕಾಯಿಲೆಯಿಲ್ಲ, ಬರುವುದೂ ಇಲ್ಲ. ನಾನು ಮಾಡಿಸಿಕೊಂಡಿಲ್ಲ. ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ. ನಾನು ಚಹಾ ಲೋಟ ಎತ್ತುವಾಗ ಮಾತ್ರ ನೋಡುತ್ತಾಳೆ.

ಇಲ್ಲದ ವಾಸನೆಯನ್ನೂ ಮೆದುಳು ಹುಟ್ಟಿಸಬಲ್ಲದು ಎಂದು ಚಿಕ್ಕಮಗಳೂರಿನ ಒಬ್ಬ ಡಾಕ್ಟರು ಹೇಳಿದರು. ಇರಬಹುದು. ನನ್ನದು ಹಾಗೇ ಎಂದು ಒಪ್ಪುತ್ತೇನೆ. ಕಾಣದ ಜೀಪಿನ ವಾಸನೆಯನ್ನು ಸುರೇಶನ ಮೆದುಳು ಎಲ್ಲಿಂದ ತಂದಿತು ಎಂದರೆ ಅವರು ಮುಂದಿನ ರೋಗಿಯನ್ನು ಕರೆದರು.

ಫಲಿತಾಂಶ ಬಂದ ವಾರ ಅಕ್ಕ ನಮ್ಮ ಮನೆಗೆ ಬಂದಳು. ಸಂತೋಷದ ಸುದ್ದಿ ತಂದವಳು ಹಾಗಿರಲಿಲ್ಲ. ಕೊನೆಯ ದಿನಗಳಲ್ಲಿ ಅಪ್ಪನಿಗೆ ಗಂಜಿ ಉಣಿಸಿದವಳು ಅವಳು. ನಾನು ಹತ್ತಿರ ಹೋಗಲೂ ಹೆದರುತ್ತಿದ್ದೆ. ಅಡುಗೆಮನೆಯ ನೆಲದ ಮೇಲೆ ಕೂತಳು.

"ಅಷ್ಟು ಮಾಡಿದ್ದು ನಾನು ಮಾರಾಯ" ಎಂದಳು. "ಅಪ್ಪ ನಿಮ್ಮಿಬ್ರ ಹತ್ರ ಬಂದ್ರು. ನನ್ನ ಹತ್ರ ಯಾಕ್ ಬರ್ಲಿಲ್ಲ?"

ಬಾರದೆ ಉಳಿದದ್ದೇ ನಿನ್ನ ಪುಣ್ಯ ಎನ್ನಲು ಬಾಯಿ ತೆರೆದೆ. ಆದರೆ ಹಾಗೆಂದರೆ ಬಂದದ್ದು ಅಪ್ಪನೇ ಎಂದು ಒಪ್ಪಿದಂತಾಗುತ್ತಿತ್ತು. ಎದ್ದು ಚಹಾಕ್ಕೆ ನೀರಿಟ್ಟೆ.