ಖಾರದ ಶೂನ್ಯ

ಮುಚ್ಚಳ ತೆಗೆದರೆ ಒಳಗೆ ಏನೂ ಇರಬಾರದು, ಆ ಖಾಲಿ ಜಾಗವೇ ಕಲೆ ಎಂದು ಆಗ ನಾನು ಗಟ್ಟಿಯಾಗಿ ನಂಬಿದ್ದೆ. ಕಲಬುರಗಿಯ ಪ್ರದರ್ಶನಕ್ಕೆ ಮುಚ್ಚಳದ ಪಿಂಗಾಣಿ ಡಬ್ಬಿಗಳನ್ನು ಮಾಡಿದ್ದೆ. ಸುಡುವಾಗ ಮಣ್ಣು ಕುಗ್ಗಿ ಅಳತೆ ತಪ್ಪಬಾರದೆಂದು ಡಬ್ಬಿ, ಮುಚ್ಚಳ ಎರಡನ್ನೂ ಜೋಡಿಸಿಯೇ ಸುಟ್ಟಿದ್ದೆ.

ದಾರಿಯಲ್ಲಿ ಅವನ್ನು ಕಮಲಾಪುರದ ನಮ್ಮ ಚಿಕ್ಕಮ್ಮ, ಕಾಕೂ ಮನೆಯಲ್ಲಿಟ್ಟು, ಹಾಲ್ ಸಿದ್ಧ ಮಾಡಲು ನಾನು ಮುಂದೆ ಬಂದೆ. ಮರುದಿನ ಉದ್ಘಾಟನೆಯ ಹೊತ್ತಿಗೆ ಸರಿಯಾಗಿ ಕಾಕೂ ಡಬ್ಬಿಗಳನ್ನು ತಂದು, ತಾವೇ ಸಾಲಾಗಿ ಇಟ್ಟರು.

ಉದ್ಘಾಟನೆಗೆ ಬಂದಿದ್ದವರು ಒಬ್ಬ ನಿವೃತ್ತ ಉರ್ದು ಮೇಷ್ಟ್ರು. ಅವರಿಗೆ ಶೂನ್ಯದ ಬಗ್ಗೆ ಉದ್ದಕ್ಕೆ ಕೊರೆದು, "ತೆಗೆದು ನೋಡ್ರಿ" ಎಂದೆ. ಅವರು ಮುಚ್ಚಳ ತೆಗೆದರು, ಬೆರಳು ಅದ್ದಿ ನೆಕ್ಕಿದರು.

"ನಿಮ್ಮ ಶೂನ್ಯ ಭಾಳ ಖಾರ ಅದ ನೋಡ್ರಿ, ಸಾಹೇಬ್ರ."

ಒಳಗೆ ಚಟ್ನಿಪುಡಿ, ಶೇಂಗಾ ಹಿಂಡಿ! ಪಕ್ಕದ್ದರಲ್ಲಿ ಅಗಸಿ ಹಿಂಡಿ. ನಾನು ಕಾಕೂ ಕಡೆ ತಿರುಗಿದೆ.

"ಮನೀಗಿ ಬಂದ ಡಬ್ಬಿ ಬರೇ ಹ್ಯಾಂಗ ವಾಪಸ್ ಕೊಡ್ಲೋ ತಮ್ಮಾ? ಮಂದಿ ಏನಂತಾರ?"

ಮಂದಿ ಏನೂ ಅನ್ನಲಿಲ್ಲ. ಯಾರೋ ಹೊರಗೆ ಹೋಗಿ ಜೋಳದ ರೊಟ್ಟಿ ತಂದರು. ಸಂಜೆ ಹೊತ್ತಿಗೆ ನನ್ನ ಡಬ್ಬಿಗಳೆಲ್ಲ ಮತ್ತೆ ಕಲೆಯಾಗಿದ್ದವು.